ಹಾವು ಹಿಡಿದವನಿಗೆ ಚಪ್ಪಾಳೆ ಯಾಕೆ?

ಮೂರು ನಾಗರಹಾವು. ಮೂರೂ ಹೆಡೆ ಎತ್ತಿ ನಿಂತಿವೆ. ಎದುರಿಗೆ ಒಬ್ಬ ಯುವಕ ಕುಕ್ಕರುಗಾಲಲ್ಲಿ ಕೂತು ಕೈ ಆಡಿಸ್ತಾನೆ, ಬಾಲ ಎಳೀತಾನೆ, ಮೊಣಕಾಲು ಅಲುಗಾಡಿಸ್ತಾನೆ. ಒಂದು ಹಾವು ಚಂಗನೆ ಮುಂದೆ ಬಂತು, ಮೊಣಕಾಲನ್ನೇ ಕಚ್ಚಿ ಹಿಡೀತು. ಬಿಡಿಸಿಕೊಳ್ಳೋಕೆ ಅವನು ಒದ್ದಾಡಿದ್ದೂ ವಿಡಿಯೋದಲ್ಲಿದೆ. 2022ರ ಮಾರ್ಚ್‌ನಲ್ಲಿ ದೇಶವೆಲ್ಲ ನೋಡಿದ ಈ ದೃಶ್ಯ ನಮ್ಮ ಶಿರಸಿಯದು. ಹುಡುಗ ಬದುಕಿದ. ಪುಣ್ಯ.

ಅದಕ್ಕೂ ಮೊದಲು, ಅದೇ ವರ್ಷ ಜನವರಿ 31ರಂದು, ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ವಾವಾ ಸುರೇಶ್ ಅವರಿಗೆ ನಾಗರಹಾವು ಕಚ್ಚಿತು. ಇವರು ಹೊಸಬರಲ್ಲ. ದಶಕಗಳಿಂದ ಹಾವು ಹಿಡಿದವರು, ಟಿ.ವಿ.ಯಲ್ಲಿ ಹಾವಿನ ಬಗ್ಗೆ ಪಾಠ ಹೇಳಿದವರು. ಹಿಡಿದ ಹಾವನ್ನು ಚೀಲಕ್ಕೆ ಹಾಕುವಾಗ ಅದು ತೊಡೆಗೆ ಕಚ್ಚಿತು. ಸುತ್ತ ಜನ ನಿಂತಿದ್ದರು, ಮೊಬೈಲ್‌ಗಳು ಓಡ್ತಾ ಇದ್ದವು. ವೈದ್ಯರು ಅವರನ್ನು ಉಳಿಸಿಕೊಂಡರು.

ಒಬ್ಬ ಹೊಸಬ, ಒಬ್ಬ ಪಳಗಿದವ. ಇಬ್ಬರಿಗೂ ಆಗಿದ್ದು ಒಂದೇ. ಅಂದರೆ ಪ್ರಶ್ನೆ ಅನುಭವದ್ದಲ್ಲ, ವಿಧಾನದ್ದು. ಬರಿಗೈಯಲ್ಲಿ ಹಾವು ಹಿಡಿಯೋದೇ ತಪ್ಪು ವಿಧಾನ. ಅದನ್ನು ‘ಜನಜಾಗೃತಿ’ ಅಂತ ತೋರಿಸೋದು ಇನ್ನೂ ದೊಡ್ಡ ತಪ್ಪು.

ಹಾವಿನ ಕಡೆಯಿಂದ ಒಮ್ಮೆ ನೋಡಿ. ನಾಗರ ಹೆಡೆ ಎತ್ತೋದು ಯಾವಾಗ? ಹೆದರಿದಾಗ. ‘ಹತ್ತಿರ ಬರಬೇಡ’ ಅನ್ನೋದಕ್ಕೆ ಅದಕ್ಕಿರುವ ಭಾಷೆ ಅದು. ಅದಕ್ಕೆ ಹೊರಗಿವಿ ಇಲ್ಲ. ಪುಂಗಿಯ ರಾಗಕ್ಕೆ ಅದು ತಲೆದೂಗೋದಿಲ್ಲ, ಅಲುಗಾಡುವ ಪುಂಗಿಯನ್ನೇ ಶತ್ರು ಅಂದುಕೊಂಡು ಕಣ್ಣಲ್ಲೇ ಹಿಂಬಾಲಿಸುತ್ತೆ. ಶಿರಸಿಯ ಹುಡುಗನ ಮೊಣಕಾಲು ಆ ಹಾವುಗಳಿಗೆ ಕಂಡಿದ್ದೂ ಹಾಗೇ. ಬಾಲ ಹಿಡಿದು ತಲೆಕೆಳಗಾಗಿ ತೂಗಾಡಿಸಿದರೆ ಅದರ ಬೆನ್ನುಮೂಳೆಗೆ, ಒಳಗಿನ ಅಂಗಗಳಿಗೆ ಪೆಟ್ಟು ಬೀಳಬಹುದು. ಕ್ಯಾಮೆರಾ ಮುಂದೆ ಅರ್ಧ ಗಂಟೆ ಕೆಣಕಿಸಿಕೊಂಡ ಹಾವು ಸುಸ್ತಾಗಿ ಸುಮ್ಮನಾಗುತ್ತೆ. ನಾವು ಅದನ್ನೇ ‘ಎಷ್ಟು ಸಾಧು ನೋಡಿ’ ಅಂತೀವಿ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ‘ಎದೆ ಝಲ್ ಅನ್ನಿಸುವ ದೃಶ್ಯ’ ಅನ್ನೋ ಸಾಲನ್ನು ನಾನೇ ಓದಿದ್ದೇನೆ. ಕಾಳಿಂಗ ಸರ್ಪದ ಬಾಲ ಹಿಡಿದು ಓಡಾಡಿದವನನ್ನು ‘ಸಾಹಸಿ’ ಅಂತ ಕರೆದಿದ್ದೇನೆ. ಹಿನ್ನೆಲೆ ಸಂಗೀತ ಹಾಕಿ, ಅದೇ ಹತ್ತು ಸೆಕೆಂಡನ್ನು ತಿರುಗಿಸಿ ಮುರುಗಿಸಿ ತೋರಿಸಿದ್ದೇವೆ. ಆ ಹತ್ತು ಸೆಕೆಂಡು ನೋಡಿದ ಯಾವುದೋ ಹಳ್ಳಿಯ ಹುಡುಗ, ಮಾರನೇ ದಿನ ದನದ ಕೊಟ್ಟಿಗೆಯಲ್ಲಿ ಹಾವು ಕಂಡಾಗ ಏನು ಮಾಡಿದ ಅಂತ ನಾವು ಯಾವತ್ತೂ ಕೇಳಲಿಲ್ಲ.

ಯಾಕೆ ಕೇಳಬೇಕು ಅಂದರೆ, ಇದು ಸಣ್ಣ ವಿಷಯ ಅಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ಅಧ್ಯಯನ ಅಂದಾಜು ಮಾಡಿದೆ. ಸರಾಸರಿ ವರ್ಷಕ್ಕೆ 58 ಸಾವಿರ ಜನ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ‘ಅಧಿಸೂಚಿತ ಕಾಯಿಲೆ’ ಅಂತ ಘೋಷಿಸಿತು. ಅಂದರೆ ಆಸ್ಪತ್ರೆಗೆ ಬಂದ ಪ್ರತಿ ಕಡಿತ, ಪ್ರತಿ ಸಾವು ಸರ್ಕಾರದ ಲೆಕ್ಕಕ್ಕೆ ಬರಬೇಕು. ಲೆಕ್ಕ ಸಿಕ್ಕರೆ ಔಷಧ ಎಲ್ಲಿಗೆ ಎಷ್ಟು ಬೇಕು ಅಂತ ಗೊತ್ತಾಗುತ್ತೆ.

ಔಷಧದ ವಿಷಯದಲ್ಲೂ ಒಂದು ಮಾತು. ನಮ್ಮಲ್ಲಿ ಸಿಗುವ ಆ್ಯಂಟಿ ವೆನಮ್ ತಯಾರಾಗೋದು ನಾಲ್ಕು ಹಾವುಗಳ ವಿಷದ ವಿರುದ್ಧ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಳಿಂಗ ಸರ್ಪ ಈ ಪಟ್ಟಿಯಲ್ಲಿ ಇಲ್ಲ. ಮಲೆನಾಡಿನಲ್ಲಿ ಕಾಳಿಂಗನ ತಲೆಗೆ ಮುತ್ತು ಕೊಟ್ಟು ವಿಡಿಯೋ ಮಾಡುವವರು ಇದನ್ನು ತಿಳಿದುಕೊಂಡಿದ್ದಾರಾ?

ಹಾಗಾದರೆ ಹಾವಿನ ವಿಡಿಯೋನೇ ಬೇಡವಾ? ಬೇಕು. ಖಂಡಿತ ಬೇಕು. ಆದರೆ ಹೇಗಿರಬೇಕು?

ಮೊದಲನೆಯದು, ಹಾವನ್ನು ಕೈಯಲ್ಲಿ ಮುಟ್ಟಬಾರದು. ತರಬೇತಿ ಆದವರು ಕೊಕ್ಕೆಯಿರುವ ಕೋಲು ಬಳಸುತ್ತಾರೆ, ಚೀಲದ ಬಾಯಿಗೆ ಪೈಪ್ ಕಟ್ಟುತ್ತಾರೆ. ಕತ್ತಲೆ ಬಿಲ ಕಂಡರೆ ಹಾವು ತಾನಾಗಿಯೇ ಒಳಗೆ ಹೋಗುತ್ತೆ. ನೋಡೋಕೆ ಏನೂ ಮಜಾ ಇಲ್ಲ. ಮಜಾ ಇಲ್ಲದಿರೋದೇ ಸರಿಯಾದ ವಿಧಾನ.

ಎರಡನೆಯದು, ಜನರನ್ನು ದೂರ ನಿಲ್ಲಿಸಬೇಕು, ಕೆಲಸ ಬೇಗ ಮುಗಿಯಬೇಕು. ಹಾವನ್ನು ಹಿಡಿದುಕೊಂಡು ಭಾಷಣ ಬೇಡ. ಮಕ್ಕಳ ಕೈಗೆ ಕೊಡೋದು, ಕೊರಳಿಗೆ ಹಾಕಿಕೊಳ್ಳೋದು ಬೇಡವೇ ಬೇಡ. ಪಾಠ ಹೇಳಬೇಕಾ? ಚೀಲ ಕಟ್ಟಿ ಪಕ್ಕಕ್ಕಿಟ್ಟ ಮೇಲೆ ಹೇಳಿ. ಹಾವಿನ ಚಿತ್ರ ತೋರಿಸಿ ಹೇಳಿ.

ಮೂರನೆಯದು, ಹಾವನ್ನು ಎಲ್ಲೋ ದೂರದ ಕಾಡಿಗೆ ಬಿಟ್ಟು ಬಂದೆ ಅನ್ನೋದು ಹೆಮ್ಮೆ ಅಲ್ಲ. ಗೊತ್ತಿಲ್ಲದ ಜಾಗದಲ್ಲಿ ಅದು ಬಿಲಕ್ಕೆ, ಆಹಾರಕ್ಕೆ ಅಲೆಯುತ್ತೆ. ಸಿಕ್ಕ ಜಾಗಕ್ಕೆ ಹತ್ತಿರದಲ್ಲೇ, ಸುರಕ್ಷಿತವಾದ ಕಡೆ ಬಿಡಬೇಕು.

ನಾಲ್ಕನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ವನ್ಯಪ್ರಾಣಿಯನ್ನು ಹಿಡಿಯೋದೂ ‘ಬೇಟೆ’ಯ ವ್ಯಾಖ್ಯಾನದೊಳಗೇ ಬರುತ್ತೆ. ಅರಣ್ಯ ಇಲಾಖೆಗೆ ತಿಳಿಸಿಯೇ ಈ ಕೆಲಸ ಆಗಬೇಕು. ಕೇರಳ 2020ರಲ್ಲಿ ಹಾವು ಹಿಡಿಯುವವರಿಗೆ ತರಬೇತಿ, ಪ್ರಮಾಣಪತ್ರದ ವ್ಯವಸ್ಥೆ ಮಾಡಿತು, ‘ಸರ್ಪ’ ಅನ್ನೋ ಮೊಬೈಲ್ ಆ್ಯಪ್ ತಂದಿತು. ಹಾವು ಕಂಡವರು ಆ್ಯಪ್‌ನಲ್ಲಿ ತಿಳಿಸಿದರೆ ಹತ್ತಿರದ ತರಬೇತಾದವರಿಗೆ ಸುದ್ದಿ ಹೋಗುತ್ತೆ. ಆಗುಂಬೆಯಲ್ಲಿ ಕಾಳಿಂಗ ಸರ್ಪದ ಬಗ್ಗೆ ವರ್ಷಗಳಿಂದ ಸಂಶೋಧನೆ ನಡೆದಿರುವ ನಮ್ಮ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ವಿಡಿಯೋ ಮುಗಿಯುವಾಗ ನೋಡಿದವನ ಜೀವ ಉಳಿಸುವ ಒಂದು ಮಾತಾದರೂ ಇರಬೇಕು. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚ್ ಹಿಡಿಯಿರಿ. ಗದ್ದೆಗೆ ಬೂಟು ಹಾಕಿ. ಸೌದೆ ರಾಶಿಗೆ ನೇರ ಕೈ ಹಾಕಬೇಡಿ. ನೆಲದ ಮೇಲೆ ಮಲಗಬೇಡಿ, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಯಾಕೆ ಗೊತ್ತಾ? ಕಟ್ಟುಹಾವು ಕಚ್ಚೋದು ಹೆಚ್ಚಾಗಿ ರಾತ್ರಿ, ಮಲಗಿದವರನ್ನು. ನೋವೇ ಆಗದಿರಬಹುದು, ಗುರುತೂ ಕಾಣದಿರಬಹುದು. ಬೆಳಗಾಗುವಾಗ ಹೊಟ್ಟೆನೋವು, ರೆಪ್ಪೆ ಎತ್ತೋಕಾಗಲ್ಲ, ಮಾತು ತೊದಲುತ್ತೆ, ಆಮೇಲೆ ಉಸಿರಾಟಕ್ಕೇ ತೊಂದರೆ.

ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಮಂತ್ರ, ನಾಟಿ ಔಷಧ ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ, ಆ್ಯಂಟಿ ವೆನಮ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾವನ್ನು ಹುಡುಕಿ, ಕೊಂದು ತರೋ ಅಗತ್ಯ ಇಲ್ಲ. ಲಕ್ಷಣ ನೋಡಿಯೇ ವೈದ್ಯರು ಚಿಕಿತ್ಸೆ ಶುರು ಮಾಡ್ತಾರೆ.

ಕಲ್ಲಿನ ನಾಗನಿಗೂ ಜೀವಂತ ನಾಗನಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಕೆಣಕಿದ್ದರು. ಈಗ ಮೂರನೇ ನಾಗ ಬಂದಿದ್ದಾನೆ, ಮೊಬೈಲ್ ಪರದೆಯ ಮೇಲೆ. ಅವನಿಗೆ ನಾವು ಎರೆಯೋದು ಹಾಲಲ್ಲ, ಲೈಕು. ಮುಂದಿನ ಸಲ ಅಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ನನ್ನ ಚಾನೆಲ್‌ನಲ್ಲೇ ಬಂದರೆ ಫೋನ್ ಮಾಡಿ ಬೈಯಿರಿ. ಆ ಬೈಗುಳಕ್ಕೆ ನಾನು ಅರ್ಹ.