ದವಾಖಾನಿಗೊಂದು ಕೈಗಡ

ಬೀದರ್ ಸೀಮೆಯಲ್ಲಿ ಸಾಲ ಬೇರೆ, ಕೈಗಡ ಬೇರೆ. ಸಾಲಕ್ಕೆ ಕಾಗದ ಬೇಕು, ಜಾಮೀನು ಬೇಕು, ಬಡ್ಡಿಯಂತೂ ಇದ್ದೇ ಇದೆ. ಕೈಗಡಕ್ಕೆ ಬಾಯಿಮಾತು ಸಾಕು. 'ರಾಶಿ ಆದ ಮ್ಯಾಲ ಕೊಡ್ತೀನಿ' ಅಂದರೆ ಮುಗಿಯಿತು. ಕೊಟ್ಟವರು ಬಡ್ಡಿ ಕೇಳುವುದಿಲ್ಲ. ಕೇಳಿದರೆ ಅದಕ್ಕೆ ಕೈಗಡವೆಂಬ ಹೆಸರೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಬ್ಯಾನಿ ಬಂದಾಗ ಮೊದಲು ನೆನಪಾಗುವುದು ಇದೇ. ಆದರೆ ಮುಂಗಾರು ಬಿತ್ತನೆ ಮುಗಿದ ದಿನಗಳಲ್ಲಿ ಭಾಲ್ಕಿ, ಔರಾದ್‌ನ ಹಳ್ಳಿಗಳಲ್ಲಿ ಎಲ್ಲರ ಕೈಯೂ ಒಟ್ಟಿಗೇ ಖಾಲಿ. ಸೋಯಾ, ಹೆಸರು, ಉದ್ದು ಇನ್ನೂ ಹೊಲದಲ್ಲಿ, ರೊಕ್ಕ ಬೀಜ-ಗೊಬ್ಬರದ ಅಂಗಡಿಯಲ್ಲಿ. ಜ್ವರ, ವಾಂತಿಭೇದಿ ಊರು ಹೊಗುವುದೂ ಆಗಲೇ.

ಆ ಹೊತ್ತಿಗೆ ಆಸರೆಯಾಗಲೆಂದು ಈ ಸೀಮೆಯ ಹೆಂಗಸರು ವರ್ಷವಿಡೀ ಹನಿಹನಿಯಾಗಿ ಕೂಡಿಡುವ ಗಂಟೊಂದಿದೆ. ಅದೇ ಸ್ವಸಹಾಯ ಸಂಘದ ಉಳಿತಾಯ. ಗಡಿಯಾಚೆಯ ಮರಾಠಿ ನೆಂಟರ ಬಾಯಲ್ಲಿ ಇದು 'ಬಚತ್ ಗಟ'.

ವಾರದ ಸಭೆಯನ್ನು ಒಮ್ಮೆ ಹತ್ತಿರ ಕುಳಿತು ನೋಡಬೇಕು. ಗುಡಿಯ ಕಟ್ಟೆಯ ಮೇಲೋ ಸಮುದಾಯ ಭವನದಲ್ಲೋ ಜಮಖಾನ ಹಾಸಿ ಹದಿನೈದು ಮಂದಿ ದುಂಡಗೆ ಕೂರುತ್ತಾರೆ. ನಡುವೆ ಪುಟ್ಟ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಠರಾವು ಪುಸ್ತಕ. ಮೊದಲು ಉಳಿತಾಯ, ಆಮೇಲೆ ಹಳೆ ಸಾಲದ ಕಂತು, ಕೊನೆಗೆ ಹೊಸ ಬೇಡಿಕೆ. 'ಯಕ್ಕಾ, ದವಾಖಾನಿಗಿ ರೊಕ್ಕ ಬೇಕಾಗ್ಯಾವ' ಎಂದು ಒಬ್ಬಾಕೆ ಹೇಳಿದರೆ ಉಳಿದವರು ವೈದ್ಯರ ಚೀಟಿಯನ್ನೂ ಕೇಳುವುದಿಲ್ಲ. ಆಕೆಯ ಅತ್ತೆ ಎಷ್ಟು ದಿನದಿಂದ ಹಾಸಿಗೆ ಹಿಡಿದಿದ್ದಾಳೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕಿನವರು ಎಷ್ಟು ಅರ್ಜಿ ತುಂಬಿಸಿಕೊಂಡರೂ ಸಿಗದ ಮಾಹಿತಿ ಅದು. ಹಾಗಾಗಿ ತೀರ್ಮಾನಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಠರಾವು ಬರೆದು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ರೊಕ್ಕ ಎಣಿಸಿ ಕೊಡುತ್ತಾರೆ.

ಇಂಥ ಸಂಘಗಳು ಇಲ್ಲಿ ತಾವಾಗಿಯೇ ಹುಟ್ಟಿಕೊಂಡವಲ್ಲ. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಆ ದಶಕದಲ್ಲೇ ಬೀದರ್ ಡಿಸಿಸಿ ಬ್ಯಾಂಕ್ ಅದನ್ನು ಕೈಗೆತ್ತಿಕೊಂಡು, ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕವೇ ಮಹಿಳಾ ಗುಂಪುಗಳನ್ನು ಕಟ್ಟಿತು. ಗೊಬ್ಬರ, ಬೀಜಕ್ಕೆಂದು ಗಂಡಸರಷ್ಟೇ ಹತ್ತುತ್ತಿದ್ದ ಸೊಸೈಟಿಯ ಮೆಟ್ಟಿಲನ್ನು ಹೆಂಗಸರೂ ಹತ್ತಿದರು. ಜರ್ಮನಿಯ ಅಧ್ಯಯನಕಾರರೂ ಬಂದು ಈ ಕೆಲಸದ ಕುರಿತು ಬರೆದರು. ಬ್ಯಾಂಕಿನ ಅಧ್ಯಕ್ಷರಾಗಿ ದೀರ್ಘಕಾಲ ಇದರ ಬೆನ್ನಿಗೆ ನಿಂತವರು ಔರಾದ್ ಕ್ಷೇತ್ರದ ಶಾಸಕರೂ ಮಂತ್ರಿಯೂ ಆಗಿದ್ದ ಗುರುಪಾದಪ್ಪ ನಾಗಮಾರಪಳ್ಳಿ. ಅವರು 2015ರಲ್ಲಿ ತೀರಿಕೊಂಡರು.

ಆದರೆ ಸಂಘದ ಒಳಸಾಲಕ್ಕೂ ಬಡ್ಡಿ ಉಂಟು. ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಅದು ಸಂಘದ ಗಂಟಿಗೇ ಸೇರುತ್ತದೆ, ನಿಜ. ಎಮ್ಮೆ ಕೊಳ್ಳಲು, ಅಂಗಡಿ ಇಡಲು ತೆಗೆದ ಸಾಲಕ್ಕೆ ಅದು ನ್ಯಾಯವೇ. ಎಮ್ಮೆ ಹಾಲು ಕೊಡುತ್ತದೆ. ಹೊಟ್ಟೆಯ ಆಪರೇಷನ್ ಏನನ್ನೂ ದುಡಿದುಕೊಡುವುದಿಲ್ಲ, ಮೇಲಾಗಿ ಎರಡು ತಿಂಗಳ ಕೂಲಿಯನ್ನೂ ಕಸಿಯುತ್ತದೆ. ಸಂಘದ ಹಣ ಸಾಲದೆ ಸಾಹುಕಾರರ ಬಳಿ ನೂರಕ್ಕೆ ಐದರಂತೆ 20,000 ತಂದರೆ ತಿಂಗಳಿಗೆ ಸಾವಿರ, ವರ್ಷಕ್ಕೆ 12,000 ಬಡ್ಡಿಗೇ ಹೋಗುತ್ತದೆ, ಅಸಲು ಅಲ್ಲಾಡುವುದಿಲ್ಲ. ಅದೇ ಹಣ ಬಡ್ಡಿಯಿಲ್ಲದೆ ಸಿಕ್ಕರೆ ತಿಂಗಳಿಗೆ ಎರಡು ಸಾವಿರದಂತೆ ಹತ್ತು ತಿಂಗಳಿಗೆ ಚುಕ್ತಾ.

ಸರ್ಕಾರದ ಯೋಜನೆಗಳಿವೆಯಲ್ಲ ಎನ್ನಬಹುದು. ಇವೆ, ಅವು ದೊಡ್ಡ ಆಸರೆಯೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಸಹಕಾರಿಗಳ ಯಶಸ್ವಿನಿ 2003ರಲ್ಲಿ ಶುರುವಾದಾಗ ಸದಸ್ಯರು ಕಟ್ಟಬೇಕಿದ್ದದ್ದು ತಿಂಗಳಿಗೆ ಐದು ರೂಪಾಯಿ. 2018ರಲ್ಲಿ ನಿಂತುಹೋದ ಅದು 2022-23ರಲ್ಲಿ ಮತ್ತೆ ಜೀವ ಪಡೆದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತಾಯಿತು. ಆದರೆ ಈ ಕಾರ್ಡುಗಳು ಕಾಣದ ಖರ್ಚುಗಳೇ ಮನೆ ಮುರಿಯುತ್ತವೆ. ಔರಾದ್‌ಗೆ ರೈಲಿಲ್ಲ. ರಾತ್ರಿ ಎದೆನೋವು ಬಂದವರನ್ನು ನಲವತ್ತು ಕಿಲೋಮೀಟರ್ ದೂರದ ಬೀದರ್‌ಗೆ ತರಬೇಕು, ಇಲ್ಲವೇ ಗಡಿ ದಾಟಿಸಿ ಉದಗೀರ್‌ಗೆ ಒಯ್ಯಬೇಕು. ಅಲ್ಲಿಂದ ಹೈದರಾಬಾದ್ ಎಂದರೆ ಗಾಡಿ ಬಾಡಿಗೆ, ಜೊತೆಗೆ ಹೋದವರ ಊಟ, ಹೊರಗಿನ ಸ್ಕ್ಯಾನಿಂಗ್, ಮನೆಗೆ ಬಂದ ಮೇಲೂ ನಿಲ್ಲದ ಸಕ್ಕರೆ ಕಾಯಿಲೆ, ಬಿಪಿಯ ಗುಳಿಗೆ. ಐದು ಸಾವಿರ, ಹತ್ತು ಸಾವಿರದ ಈ ಸಣ್ಣ ಅಂತರಕ್ಕೇ ಹೆಂಗಸರ ಕಿವಿಯ ಓಲೆ ಒತ್ತೆ ಬೀಳುವುದು.

ಬಡ್ಡಿಯಿಲ್ಲದ ನಿಧಿಯ ಕಲ್ಪನೆ ಈ ನೆಲಕ್ಕೆ ಹೊರಗಿನದೂ ಅಲ್ಲ. ಬೀದರ್ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ ಹೈದರಾಬಾದ್‌ನಲ್ಲಿ ನೌಕರರೇ ಹಣ ಹಾಕಿ ನಡೆಸುತ್ತಿದ್ದ ಬಡ್ಡಿರಹಿತ ಸಾಲದ ಅಂಜುಮನ್‌ಗಳಿದ್ದವು; ವಿದ್ವಾಂಸ ಮುಹಮ್ಮದ್ ಹಮೀದುಲ್ಲಾ ಅವುಗಳ ಬಗ್ಗೆ ಬರೆದಿದ್ದಾರೆ. ಮುಸ್ಲಿಮರಲ್ಲಿ ಇದಕ್ಕೆ ಕರ್ಜೆ ಹಸನಾ, ಅಂದರೆ ಒಳ್ಳೆಯ ಸಾಲ ಎಂಬ ಹೆಸರಿದೆ. ಬಸವಕಲ್ಯಾಣ ಇರುವ ಜಿಲ್ಲೆಗೆ ದಾಸೋಹವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅತ್ತ ಅಮೆರಿಕದಲ್ಲೂ 2005ರಲ್ಲಿ ಹುಟ್ಟಿದ ಕೀವಾ ಸಂಸ್ಥೆಯಲ್ಲಿ ಜನ ದೂರದೇಶದ ಬಡವರಿಗೆ 25 ಡಾಲರ್ ಕೊಟ್ಟು, ಅಸಲನ್ನಷ್ಟೇ ಹಿಂಪಡೆಯುತ್ತಾರೆ.

ಸರ್ಕಾರಿ ಚೌಕಟ್ಟಿನಲ್ಲೂ ಇದಕ್ಕೊಂದು ಬಾಗಿಲಿದೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ (ನಮ್ಮಲ್ಲಿ ಅದು ಸಂಜೀವಿನಿ) ಸಂಘಗಳ ಒಕ್ಕೂಟಕ್ಕೆ ವಿಆರ್‌ಎಫ್ ಎಂಬ ನಿಧಿಯುಂಟು. ಹಸಿವು, ಹಠಾತ್ ಕಾಯಿಲೆ, ಆಸ್ಪತ್ರೆ ಖರ್ಚಿನಂಥ ಕಷ್ಟಕ್ಕೆಂದೇ ಅದು ಮೀಸಲು. ಸದಸ್ಯೆಯರೂ ತಮ್ಮ ಪಾಲು ಸೇರಿಸಿ, ಯಾರಿಗೆ ಎಷ್ಟು, ಯಾವ ಷರತ್ತಿಗೆ ಎಂಬುದನ್ನು ಒಕ್ಕೂಟದಲ್ಲೇ ತೀರ್ಮಾನಿಸಬಹುದು.

ನನ್ನನ್ನು ಕಾಡುವ ಸಂಗತಿ ಒಂದಿದೆ. ನಮ್ಮ ರಾಜ್ಯದಲ್ಲಿ ರೈತರಿಗೆ ಸೊನ್ನೆ ಬಡ್ಡಿಯಲ್ಲಿ ಬೆಳೆಸಾಲ ಸಿಗುತ್ತದೆ. 3 ಲಕ್ಷವಿದ್ದ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಲು ಸರ್ಕಾರ ತೀರ್ಮಾನಿಸಿತು. ತೊಗರಿಗೆ ರೋಗ ಬಿದ್ದರೆ ಔಷಧಿಗೆ ಬಡ್ಡಿಯಿಲ್ಲದ ಹಣ, ತೊಗರಿ ಬೆಳೆದವಳಿಗೆ ರೋಗ ಬಂದರೆ ನೂರಕ್ಕೆ ಐದು!

ಒಂದು ಲೆಕ್ಕ ಹಾಕಿ. ಹದಿನೈದು ಮಂದಿಯ ಸಂಘದಲ್ಲಿ ವಾರಕ್ಕೆ 50 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ 39,000. ಇಂಥ ಹತ್ತು ಸಂಘಗಳು ತಮ್ಮ ಉಳಿತಾಯದ ಹತ್ತನೇ ಒಂದು ಪಾಲನ್ನು ಬೇರೆ ಇಟ್ಟರೂ ಮೊದಲ ವರ್ಷವೇ 39,000 ರೂಪಾಯಿಯ ದವಾಖಾನಿ ನಿಧಿ ಸಿದ್ಧ. ತೀರಿದ ಕಂತು ಮುಂದಿನ ಮನೆಗೆ ಹೋಗುತ್ತದೆ.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಭಾಲ್ಕಿ, ಔರಾದ್, ಬೀದರ್‌ನ ಸಂಘಗಳ ಅಕ್ಕಂದಿರೇ, ಈ ಸಲ ನಿಮ್ಮ ಠರಾವು ಪುಸ್ತಕದಲ್ಲಿ ಒಂದು ಸಾಲು ಬರೆಸಿ: ಬ್ಯಾನಿಗೆ ಕೊಟ್ಟ ರೊಕ್ಕಕ್ಕೆ ಬಡ್ಡಿ ಇಲ್ಲ.