ತ್ರೆಬ್ಲಿಂಕದ ಕಲ್ಲುಗಳು

ಪೋಲೆಂಡಿನ ರಾಜಧಾನಿ ವಾರ್ಸಾ ನಗರದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರಿನಾಚೆ, ಪೈನ್ ಮರಗಳ ಕಾಡಿನ ನಡುವೆ ತ್ರೆಬ್ಲಿಂಕ ಎಂಬ ಸ್ಥಳವಿದೆ. ಏನೂ ತಿಳಿಯದೆ ಅಲ್ಲಿಗೆ ಹೋದವರಿಗೆ ಕಾಣುವುದು ಒಂದು ಬಯಲು, ಬಯಲ ತುಂಬ ಕಲ್ಲು, ಅಷ್ಟೆ. ಆದುದರಿಂದ, ವಾಚಕರೇ, ಆ ಕಲ್ಲುಗಳನ್ನು ಓದುವ ಬಗೆಯನ್ನು ತಮ್ಮ ಮುಂದೆ ಸ್ವಲ್ಪ ವಿವರಿಸಬಯಸುತ್ತೇನೆ.

ಎಲ್ಲರೂ ಅದನ್ನು ಶಿಬಿರವೆಂದು ಕರೆಯುತ್ತಾರೆ. ಕನ್ನಡ ಪಾಠ ಹೇಳುವವನಾದ ನನಗೆ ಈ ಮಾತು ಒಪ್ಪಿಗೆಯಾಗದು. ಶಿಬಿರವೆಂದರೆ ಬೀಡು, ನಾಲ್ಕು ದಿನವಾದರೂ ಜನ ತಂಗುವ ಎಡೆ. ತ್ರೆಬ್ಲಿಂಕಕ್ಕೆ ಬಂದವರು ತಂಗಲಿಲ್ಲ. ರೈಲಿನಿಂದಿಳಿದ ಕೆಲವೇ ಗಂಟೆಗಳಲ್ಲಿ ಬಹುಮಟ್ಟಿಗೆ ಎಲ್ಲರನ್ನೂ ಕೋಣೆಗಳಿಗೆ ನೂಕಿ, ಬಾಗಿಲು ಭದ್ರಪಡಿಸಿ, ಎಂಜಿನ್ನಿನ ವಿಷದ ಹೊಗೆಯನ್ನು ಒಳಗೆ ಬಿಟ್ಟು ಕೊಲ್ಲುತ್ತಿದ್ದರು. ಬಂದವರು ಬೆದರದಿರಲೆಂದು ನಿಲ್ದಾಣದಲ್ಲಿ ಬಣ್ಣದಿಂದ ಬರೆದ ಹುಸಿ ಗಡಿಯಾರ, ಹುಸಿ ಟಿಕೆಟ್ ಕಿಂಡಿ! 1942ರ ಜುಲೈ 23ರಿಂದ ಮರುವರ್ಷದವರೆಗೆ ಹಿಟ್ಲರನ ನಾಜಿ ಆಡಳಿತ ಇಲ್ಲಿ ಕೊಂದವರು ಸುಮಾರು 8 ಲಕ್ಷ. ಹೆಚ್ಚುಕಡಮೆ ಎಲ್ಲರೂ ಯೆಹೂದ್ಯರು.

1943ರ ಆಗಸ್ಟ್ 2ರಂದು, ದುಡಿಮೆಗೆಂದು ಉಳಿಸಿಕೊಂಡಿದ್ದ ಬಂದಿಗಳು ದಂಗೆಯೆದ್ದು ಕಟ್ಟಡಗಳಿಗೆ ಬೆಂಕಿಯಿಟ್ಟು ಕಾಡಿಗೆ ಓಡಿದರು. ಯುದ್ಧ ಮುಗಿಯುವವರೆಗೆ ಬದುಕುಳಿದವರು ನೂರು ಮಂದಿಯೂ ಇಲ್ಲ. ದಂಗೆಯ ಬಳಿಕ ನಾಜಿಗಳು ಉಳಿದುದನ್ನು ಕೆಡವಿ, ನೆಲ ಉತ್ತು, ಲೂಪಿನ್ ಗಿಡ ಬಿತ್ತಿ, ರೈತನ ಮನೆಯೊಂದನ್ನು ಕಟ್ಟಿ, ಇಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಮಾಡಿಟ್ಟರು.

ಸ್ಮಾರಕ ಕಟ್ಟುವವರಿಗೆ ಒದಗಿದ ತೊಡಕು ಇದೇ. ಆಶ್ವಿಟ್ಸ್‌ನಲ್ಲಿ ಕಟ್ಟಡಗಳುಂಟು, ಸತ್ತವರ ಪಾದರಕ್ಷೆಗಳ ರಾಶಿಯುಂಟು. ಇಲ್ಲಿ ತೋರಿಸುವುದಕ್ಕೇನಿದೆ? ವಾಸ್ತುಶಿಲ್ಪಿ ಆಡಂ ಹೌಪ್ಟ್ ಮತ್ತು ಶಿಲ್ಪಿ ಫ್ರಾಂಚಿಷೆಕ್ ದುಶೆಂಕೊ (ಇವರು ತಾವೇ ನಾಜಿಗಳ ಸೆರೆಯಲ್ಲಿದ್ದವರು) ರೂಪಿಸಿದ ಸ್ಮಾರಕ 1964ರ ಮೇ ತಿಂಗಳಲ್ಲಿ ತೆರೆಯಿತು. ಕಿತ್ತುಹೋದ ರೈಲುಹಾದಿಯ ಜಾಡಿಗೆ ಕಾಂಕ್ರೀಟಿನ ದಿಮ್ಮಿಗಳನ್ನು ಸಾಲಾಗಿ ಹಾಸಿದ್ದಾರೆ. ಅದರ ಪಕ್ಕದಲ್ಲೇ ನಡೆದು ಹೋಗಬೇಕು. ಮುಂದೆ ಸುಮಾರು 8 ಮೀಟರ್ ಎತ್ತರದ ಗ್ರಾನೈಟ್ ಸ್ತಂಭ, ನಡುವೆ ಮೇಲಿಂದ ಕೆಳಗೆ ಸೀಳು. ಹೆಣಗಳನ್ನು ಸುಟ್ಟುದರ ಗುರುತಾಗಿ ಕರಗಿ ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್. ಸುತ್ತಲೂ ಸುಮಾರು 17,000 ಒರಟು ಕಲ್ಲುಗಳು. ನಯಗೊಳಿಸಿಲ್ಲ, ಒಂದೇ ಎತ್ತರಕ್ಕೆ ಕಡಿದಿಲ್ಲ.

ಹಲವು ಕಲ್ಲುಗಳ ಮೇಲೆ ಅಕ್ಷರಗಳಿವೆ. ಹತ್ತಿರ ಹೋಗಿ ನೋಡಿದರೆ ಅವು ಮನುಷ್ಯರ ಹೆಸರುಗಳಲ್ಲ, ಊರುಗಳ ಹೆಸರುಗಳು. ಇಳಿದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಒಂದೂರಿನ ಯೆಹೂದ್ಯರೆಲ್ಲರನ್ನೂ, ಅಜ್ಜಿಯಿಂದ ಹಸುಗೂಸಿನವರೆಗೆ, ಒಟ್ಟಿಗೇ ತಂದುದರಿಂದ, ಇಂಥವರು ಇದ್ದರೆಂದು ಹೇಳುವ ನೆರೆಮನೆಯವರೂ ಎಷ್ಟೋ ಊರುಗಳಲ್ಲಿ ಉಳಿಯಲಿಲ್ಲ.

ಒಬ್ಬರ ಹೆಸರು ಮಾತ್ರ ಉಂಟು. ರೇಡಿಯೋ ಕೇಳುವ ತಮಗೆ ಅವರ ಪರಿಚಯ ಆಗಲೇಬೇಕು. ಯಾನುಷ್ ಕೋರ್ಚಾಕ್ ವೈದ್ಯರು, ಲೇಖಕರು, ವಾರ್ಸಾದಲ್ಲಿ ಯೆಹೂದ್ಯ ಅನಾಥಾಲಯವನ್ನು ನಡೆಸಿದವರು. 1930ರ ದಶಕದಲ್ಲಿ ಪೋಲೆಂಡಿನ ಬಾನುಲಿಯಲ್ಲಿ ಮಕ್ಕಳಿಗಾಗಿ ಮಾತನಾಡುತ್ತಿದ್ದರು. ಯೆಹೂದ್ಯದ್ವೇಷ ಬೆಳೆಯುತ್ತಿದ್ದ ಕಾಲ. ಅವರ ಹೆಸರು ಹೇಳದೆ ‘ಮುದಿ ಡಾಕ್ಟರು’ ಎಂದಷ್ಟೇ ಪ್ರಸಾರವಾಗುತ್ತಿತ್ತು. ಯೆಹೂದ್ಯರನ್ನು ಗೋಡೆಯೊಳಗೆ ಕೂಡಿದಾಗ ಅವರೂ ಮಕ್ಕಳೊಡನೆ ಒಳಗಿದ್ದರು. 1942ರ ಜುಲೈ 18ರಂದು ಅಲ್ಲಿಯ ಮಕ್ಕಳು ಆಡಿದ ನಾಟಕ ನಮ್ಮ ರವೀಂದ್ರನಾಥ ಠಾಕೂರರ ‘ಅಂಚೆಮನೆ’: ಕಾಯಿಲೆಯ ಹುಡುಗ ಅಮಲ ಕಿಟಕಿಯ ಬಳಿ ಕುಳಿತು ರಾಜನ ಓಲೆಗಾಗಿ ಕಾಯುವ ಕಥೆ. ನಾಲ್ಕೇ ದಿನಕ್ಕೆ ತ್ರೆಬ್ಲಿಂಕಕ್ಕೆ ಜನರನ್ನು ಸಾಗಿಸುವುದು ಮೊದಲಾಯಿತು. ತಪ್ಪಿಸಿಕೊಳ್ಳಿರೆಂದು ಮಿತ್ರರು ಹೇಳಿದರೂ ಕೋರ್ಚಾಕ್ ಕೇಳಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳೊಡನೆ ರೈಲು ಹತ್ತಿದರು.

ಅವರ ಕಲ್ಲನ್ನು 1978ರಲ್ಲಿ ನಿಲ್ಲಿಸಿದರು. ಅದರ ಮೇಲೆ ಅವರ ಹೆಸರು, ಅನಂತರ ‘ಮತ್ತು ಮಕ್ಕಳು’ ಎಂದಿದೆ. ಯೆಹೂದ್ಯರಲ್ಲಿ ಸಮಾಧಿಗೆ ಹೂವಿಗಿಂತ ಸಣ್ಣ ಕಲ್ಲು ಇಡುವುದೇ ವಾಡಿಕೆ. ಹೋಗುವವರು ತಾವೂ ಒಂದನ್ನು ಇಡಬಹುದು.

ಅಲ್ಲಿಂದ ಕಾಡಿನೊಳಗೆ ಎರಡು ಕಿಲೋಮೀಟರ್ ನಡೆದರೆ 1941ರಿಂದ 1944ರವರೆಗೆ ನಡೆದ ದುಡಿಮೆಯ ಸೆರೆಯೂ, ಬಂದಿಗಳು ಜಲ್ಲಿ ಅಗೆದ ಹೊಂಡವೂ ಸಿಗುತ್ತವೆ. ಅಲ್ಲಿ ಸತ್ತವರಲ್ಲಿ ಪೋಲಿಷ್ ಕ್ರೈಸ್ತರೂ ಬಹಳ ಮಂದಿ. ಅವರ ಶಿಲುಬೆಗಳು ಮರಗಳ ನಡುವೆ ಸಾಲಾಗಿ ನಿಂತಿವೆ.