ರೋಗಿ ತೀರಿಕೊಂಡಾಗ ನರ್ಸ್‌ಗಳು ದುಃಖ ತಡೆದುಕೊಳ್ಳುವುದು ಹೇಗೆ?

ಆಸ್ಪತ್ರೆಯಲ್ಲಿ ಒಬ್ಬರು ತೀರಿಕೊಂಡರೆ ಮನೆಯವರು ಅಳುತ್ತಾರೆ, ನೆಂಟರು ಬಂದು ಸಮಾಧಾನ ಹೇಳುತ್ತಾರೆ. ಅದೇ ರೋಗಿಗೆ ಹತ್ತು ದಿನ ಮದ್ದು ಕೊಟ್ಟು, ಮೈ ಒರೆಸಿ, ರಾತ್ರಿಯಿಡೀ ನೋಡಿಕೊಂಡ ನರ್ಸ್‌ಗೆ ಸಮಾಧಾನ ಹೇಳುವವರು ಯಾರು? ಅವರು ಡ್ರಿಪ್, ಟ್ಯೂಬ್ ತೆಗೆದು, ದೇಹ ಶುಚಿ ಮಾಡಿ ಮನೆಯವರಿಗೆ ಒಪ್ಪಿಸಿ ಮುಂದಿನ ಬೆಡ್‌ಗೆ ಹೋಗಬೇಕು.

ನಮ್ಮ ಸಮುದಾಯದ ಮಕ್ಕಳೂ ಈಗ ನರ್ಸಿಂಗ್ ಕಲಿಯುತ್ತಿದ್ದಾರೆ. ನಾಳೆ ಅವರಿಗೆ ಕೆಲಸ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಸಣ್ಣ ಊರಾದರೆ ಈ ಕಷ್ಟ ಇನ್ನೊಂದು ಬಗೆಯದು. ಆಂಧ್ರದ ಗಡಿಯಲ್ಲಿರುವ ರಾಯದುರ್ಗ, ಮಡಕಶಿರಾ ನೋಡಿ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ತೆಲುಗು, ಕನ್ನಡ, ಉರ್ದು ಮೂರೂ ಕೇಳಿಬರುವ ಊರುಗಳಿವು. ಇಂಥ ಕಡೆ ರೋಗಿ ಪರಿಚಯದವರೇ ಆಗಿರಬಹುದು. ಸ್ಥಿತಿ ಗಂಭೀರವಾದರೆ ಅನಂತಪುರ, ಬಳ್ಳಾರಿ, ಹಿಂದೂಪುರ ಅಥವಾ ಬೆಂಗಳೂರಿನ ದಾರಿ ಹಿಡಿಯಬೇಕು. ಆಂಬುಲೆನ್ಸ್ ಹೊರಟ ಮೇಲೆ ಆ ಜೀವ ಉಳಿಯಿತೋ ಇಲ್ಲವೋ ಅಂತ ನರ್ಸ್‌ಗೆ ತಿಳಿಯದೆಯೂ ಹೋಗಬಹುದು. ತಿಳಿದರೆ, ನಾಳೆ ಸಂತೆಯಲ್ಲಿ ಆ ಮನೆಯವರ ಮುಖ ನೋಡಬೇಕು. "ಇನ್ನೂ ಸ್ವಲ್ಪ ಬೇಗ ಕಳಿಸಿದ್ದರೆ..." ಎಂಬ ಯೋಚನೆ ಕೊರೆಯುತ್ತಲೇ ಇರುತ್ತದೆ.

ಹೀಗೆ ಹೇಳಿಕೊಳ್ಳಲಾಗದ ದುಃಖ ಒಂದರ ಮೇಲೊಂದು ಸೇರಿದಾಗ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಕೊನೆಗೆ ಯಾರು ಸತ್ತರೂ ಏನೂ ಅನಿಸದಂತಾಗುತ್ತದೆ. ಇದಕ್ಕೆ 'ಕರುಣೆಯ ದಣಿವು' ಅನ್ನಬಹುದು. 1992ರಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಬಗ್ಗೆ ಬರೆದ ಲೇಖನವೊಂದರಿಂದ ಈ ಅರ್ಥದ ಹೆಸರು ಬಳಕೆಗೆ ಬಂತು.

ಪರಿಹಾರ ಏನು? ಅಮೆರಿಕದ ವರ್ಜೀನಿಯಾದ ನರ್ಸ್ ಜೊನಾಥನ್ ಬಾರ್ಟೆಲ್ಸ್ ಒಂದು ರೂಢಿ ಶುರು ಮಾಡಿದರು. ರೋಗಿ ತೀರಿಕೊಂಡ ಕೂಡಲೇ ಡಾಕ್ಟರ್, ನರ್ಸ್ ಎಲ್ಲರೂ ಸುಮಾರು ಒಂದು ನಿಮಿಷ ಮೌನವಾಗಿ ನಿಲ್ಲುವುದು. ಇದಕ್ಕೆ ಖರ್ಚಿಲ್ಲ, ಯಾವ ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಡ್ಯೂಟಿ ಮುಗಿದಾಗ ಜೊತೆಯವರೊಂದಿಗೆ ಕುಳಿತು, ನಮ್ಮಿಂದ ಆದದ್ದೇನು, ನಮ್ಮ ಕೈಮೀರಿದ್ದೇನು ಎಂದು ಬಿಡಿಸಿ ಮಾತಾಡಿದರೂ ತಪ್ಪಿತಸ್ಥ ಭಾವನೆ ಇಳಿಯುತ್ತದೆ. ವಾರಗಟ್ಟಲೆ ಮನಸ್ಸು ಸರಿಹೋಗದಿದ್ದರೆ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರ್ 14416. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಇಸ್ಲಾಮಿನ ಮೊದಲ ನರ್ಸ್ ಎಂದು ಹೆಸರಾದವರು ರುಫೈದಾ(ರ). ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರ ಆರೈಕೆ ನಡೆದದ್ದು ಮದೀನಾದ ಮಸೀದಿಯಲ್ಲಿದ್ದ ರುಫೈದಾರ ಡೇರೆಯಲ್ಲಿ. ಆದರೂ ಅವರು ಉಳಿಯಲಿಲ್ಲ. ಅದರಿಂದ ರುಫೈದಾರ ಸೇವೆ ಸಣ್ಣದಾಗಲಿಲ್ಲ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ಯವರ ಕಣ್ಣಲ್ಲೂ ನೀರು ಬಂದಿತ್ತು. ಕಣ್ಣೀರು ಹಾಕಿದರೆ ಸಬ್ರ್ ತಪ್ಪಿತು ಅಂತ ಅಲ್ಲ.

ನರ್ಸ್ ಆಗಿರುವ ಮಗಳೋ ಮಗನೋ ಮನೆಗೆ ಬಂದು ಸುಮ್ಮನೆ ಕುಳಿತರೆ, "ಇದೆಲ್ಲ ನಿಮಗೆ ಅಭ್ಯಾಸ ಆಗಿರ್ತದಲ್ಲ" ಅನ್ನಬೇಡಿ. ಒಂದು ಚಾ ಕೊಟ್ಟು "ಇವತ್ತು ಹೇಗಿತ್ತು?" ಅಂತ ಕೇಳಿ. ಮಯ್ಯಿತ್ ಮನೆಗೆ ತರುವ ಗಡಿಬಿಡಿಯಲ್ಲೂ ಆ ವಾರ್ಡಿನ ನರ್ಸ್‌ಗೆ ಒಂದು ಮಾತು ಹೇಳಿ ಬನ್ನಿ. ಅವರೂ ಕಳಕೊಂಡಿರುತ್ತಾರೆ.